ನಾವು ಸಹಿ ಹಾಕದ ಕರಾರು



ಕಳೆದ ಗಣರಾಜ್ಯೋತ್ಸವದ ದಿನ ನಾನು ಕಲಿಸುವ ಶಾಲೆಯಲ್ಲಿ ಧ್ವಜಾರೋಹಣ ಮುಗಿದಿತ್ತು. ಮಕ್ಕಳೆಲ್ಲ ಒಟ್ಟಿಗೆ ನಿಂತು ಸಂವಿಧಾನದ ಪೀಠಿಕೆಯನ್ನು ಓದಿಯಾಗಿತ್ತು. ಲಾಡು ಹಂಚುವ ಗದ್ದಲದ ನಡುವೆ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ನನ್ನ ಬಳಿ ಬಂದು ನಿಂತಳು.

"ಸರ್, ಪೀಠಿಕೆಯಲ್ಲಿ 'ನಾವು' ಅಂತ ಉಂಟಲ್ಲ, ಆ ನಾವಿನಲ್ಲಿ ನನ್ನ ಅಜ್ಜ ಇದ್ದರಾ? ಅವರ ಹತ್ತಿರ ಯಾರಾದರೂ ಕೇಳಿದ್ದರಾ?"

ಸಂವಿಧಾನ ರಚನಾ ಸಭೆಯಲ್ಲಿ ಎಲ್ಲರ ಪ್ರತಿನಿಧಿಗಳೂ ಇದ್ದರು ಎಂದು ನಾನು ಪಠ್ಯಪುಸ್ತಕದ ಉತ್ತರ ಕೊಟ್ಟೆ. "ಅದು ಗೊತ್ತುಂಟು ಸರ್. ಅಜ್ಜನಿಗೆ ಓಟು ಇತ್ತಾ ಅಂತ ಕೇಳಿದ್ದು" ಎಂದಳು. ನಾನು ಸುಮ್ಮನಾದೆ. ಆ ದಿನ ಮನೆಗೆ ಬಂದ ಮೇಲೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನನ್ನ ಅಜ್ಜ ಎತ್ತಿನ ಗಾಡಿ ಹೊಡೆಯುತ್ತಿದ್ದವರು. ಅವರಿಗೆ ಸಹಿ ಬರುತ್ತಿರಲಿಲ್ಲ, ಹೆಬ್ಬೆಟ್ಟು ಒತ್ತುತ್ತಿದ್ದರು. ಅವರ ಹೆಬ್ಬೆಟ್ಟನ್ನೂ ಈ ಕರಾರಿಗೆ ಯಾರೂ ಕೇಳಿರಲಿಲ್ಲ. ಹಾಗಾದರೆ ಅವರು ಒಪ್ಪದ ಮಾತಿಗೆ ಅವರ ಮೊಮ್ಮಗನಾದ ನಾನು ಬದ್ಧನಾಗುವುದು ಹೇಗೆ?

ಓದುಗರೇ, ಇದು ಕೇವಲ ಕಾನೂನು ಪಂಡಿತರ ಚರ್ಚೆಯ ವಿಷಯವೆಂದು ಪುಟ ತಿರುಗಿಸಬೇಡಿ. ಮಾತು ಕೊಟ್ಟು ತಪ್ಪುವುದನ್ನು ಕಪಟಿಯ ಲಕ್ಷಣಗಳಲ್ಲೊಂದೆಂದು ಕಲಿತವರು ನಾವು. ಮಾಡಿದ ಕರಾರಿನ ಬಗ್ಗೆ ನಾಳೆ ವಿಚಾರಣೆಯಿದೆ ಎಂದು ನಂಬಿದವರು ನಾವು. ಹೀಗಿರುವಾಗ, ಯಾವುದು ನಮ್ಮ ಕರಾರು, ಯಾವುದು ಅಲ್ಲ ಎಂಬುದನ್ನು ತಿಳಿಯುವುದು ನಮ್ಮ ಪಾಲಿಗೆ ಈಮಾನಿನ ಹೊಸ್ತಿಲಿಗೇ ಬಂದು ನಿಲ್ಲುವ ಪ್ರಶ್ನೆಯಾಗಿದೆ.

ಕೇಳಿದ್ದು ಯಾರನ್ನು?

ಮೊದಲು ನಡೆದದ್ದನ್ನು ನಡೆದಂತೆ ನೋಡೋಣ. ಸಂವಿಧಾನ ರಚನಾ ಸಭೆಯ ಸದಸ್ಯರನ್ನು 1946ರಲ್ಲಿ ಜನರು ನೇರವಾಗಿ ಆರಿಸಲಿಲ್ಲ. ಪ್ರಾಂತಗಳ ಶಾಸನಸಭೆಗಳ ಸದಸ್ಯರು ಆರಿಸಿದರು. ಆ ಶಾಸನಸಭೆಗಳಾದರೋ 1935ರ ಕಾಯ್ದೆಯ ಪ್ರಕಾರ ರಚನೆಯಾದವು. ಆಸ್ತಿ, ತೆರಿಗೆ, ಓದುಬರಹ ಇವುಗಳ ಆಧಾರದ ಮೇಲೆ ಮಾತ್ರ ಆಗ ಮತದಾನದ ಹಕ್ಕು ಇತ್ತು. ವಯಸ್ಕರಲ್ಲಿ ಮೂರನೆಯ ಒಂದು ಭಾಗಕ್ಕೂ ಕಡಿಮೆ ಜನರಿಗೆ ಮಾತ್ರ ಆ ಹಕ್ಕು ದೊರೆತಿತ್ತು. ಗಾಡಿ ಹೊಡೆಯುವವರು, ಗೇಣಿಗೆ ದುಡಿಯುವವರು, ಬೀಡಿ ಕಟ್ಟುವವರಲ್ಲಿ ಹೆಚ್ಚಿನವರು ಅದರ ಹೊರಗಿದ್ದರು.

ಸಭೆ 1946ರ ಡಿಸೆಂಬರ್ 9ರಂದು ದೆಹಲಿಯಲ್ಲಿ ಮೊದಲ ಬಾರಿ ಸೇರಿತು. ಮುಸ್ಲಿಮ್ ಲೀಗ್ ಅದನ್ನು ಬಹಿಷ್ಕರಿಸಿತ್ತು. ದೇಶ ವಿಭಜನೆಯಾದ ಬಳಿಕ ಸದಸ್ಯರ ಸಂಖ್ಯೆ 299ಕ್ಕೆ ಇಳಿಯಿತು. ಲೀಗಿನಿಂದ ಆರಿಸಿ ಬಂದು ಇಲ್ಲೇ ಉಳಿದವರು ಸಭೆಯಲ್ಲಿ ಕುಳಿತರು. 1947ರ ಆಗಸ್ಟ್ 29ರಂದು ಡಾ. ಅಂಬೇಡ್ಕರರ ಅಧ್ಯಕ್ಷತೆಯಲ್ಲಿ ಕರಡು ಸಮಿತಿ ನೇಮಕವಾಯಿತು. ಅದರಲ್ಲಿ ಅಸ್ಸಾಮಿನ ಮುಹಮ್ಮದ್ ಸಾದುಲ್ಲಾ ಇದ್ದರು. ಮೈಸೂರಿನ ದಿವಾನರಾಗಿದ್ದ ಎನ್. ಮಾಧವ ರಾವ್ ನಂತರ ಬಂದು ಸೇರಿದರು. ಸಮಿತಿಯ ಮುಂದಿದ್ದ ಮೊದಲ ಕರಡನ್ನು ಸಿದ್ಧಪಡಿಸಿದವರು ಸಭೆಯ ಸಲಹೆಗಾರರಾಗಿದ್ದ ಬೆನೆಗಲ್ ನರಸಿಂಗ ರಾವ್. ಅವರು ಮಂಗಳೂರಿನಲ್ಲಿ ಹುಟ್ಟಿದವರು.

ಎರಡು ವರ್ಷ ಹನ್ನೊಂದು ತಿಂಗಳು ಕಳೆದು ಕೆಲವು ದಿನಗಳ ಕಾಲ ಕೆಲಸ ನಡೆಯಿತು. ಕರಡಿಗೆ 7,635 ತಿದ್ದುಪಡಿಗಳ ಸೂಚನೆ ಬಂತು. ಅವುಗಳಲ್ಲಿ 2,473 ಸಭೆಯ ಮುಂದೆ ಮಂಡನೆಯಾದವು. 1949ರ ನವೆಂಬರ್ 26ರಂದು ಸಂವಿಧಾನ ಅಂಗೀಕಾರವಾಯಿತು. 1950ರ ಜನವರಿ 24ರಂದು ಸದಸ್ಯರು ಕೈಬರಹದ ಪ್ರತಿಗೆ ಸಹಿ ಹಾಕಿದರು. ಎರಡು ದಿನಗಳ ಬಳಿಕ ಅದು ಜಾರಿಗೆ ಬಂತು. ಜನರ ಮುಂದೆ ಅದನ್ನಿಟ್ಟು ಹೌದೋ ಅಲ್ಲವೋ ಎಂದು ಕೇಳುವ ಮತದಾನ ನಡೆಯಲಿಲ್ಲ.

ಸಂಸ್ಥಾನಗಳ ಜನರ ವಿಷಯದಲ್ಲಂತೂ ಒಪ್ಪಿಗೆ ಅರಸರ ಹೆಸರಿನಲ್ಲೇ ಬಂತು. ಮೈಸೂರಿನಲ್ಲಿ ಅಲ್ಲಿಯದೇ ಸಂವಿಧಾನ ಸಭೆಯ ಶಿಫಾರಸಿನಂತೆ ಮಹಾರಾಜ ಜಯಚಾಮರಾಜ ಒಡೆಯರು 1949ರ ನವೆಂಬರ್ 25ರಂದು ಘೋಷಣೆ ಹೊರಡಿಸಿ ಭಾರತದ ಸಂವಿಧಾನವನ್ನು ಒಪ್ಪಿಕೊಂಡರು. ಕಲಬುರಗಿ, ಬೀದರ, ರಾಯಚೂರುಗಳು ಆಗ ಹೈದರಾಬಾದ್ ಸಂಸ್ಥಾನದಲ್ಲಿದ್ದವು. 1948ರ ಸೇನಾ ಕಾರ್ಯಾಚರಣೆಯ ಗಾಯ ಇನ್ನೂ ಹಸಿಯಾಗಿದ್ದ ಆ ಪ್ರದೇಶದ ಪರವಾಗಿ ನಿಜಾಮರು 1949ರ ನವೆಂಬರ್ 23ರಂದು ಫರ್ಮಾನು ಹೊರಡಿಸಿದರು. ದಕ್ಷಿಣ ಕನ್ನಡದ ನಾವು ಮದ್ರಾಸ್ ಪ್ರಾಂತದಲ್ಲಿದ್ದೆವು. ಹೀಗೆ ಇಂದಿನ ಕರ್ನಾಟಕದ ಜನ ಬೇರೆ ಬೇರೆ ಬಾಗಿಲುಗಳ ಮೂಲಕ ಒಂದೇ ಚಪ್ಪರದ ಕೆಳಗೆ ಬಂದರು. ಯಾವ ಬಾಗಿಲಲ್ಲೂ ಸಾಮಾನ್ಯ ಮನುಷ್ಯನನ್ನು ನಿಲ್ಲಿಸಿ ಕೇಳಿದವರಿಲ್ಲ.

ಈ ಕೊರತೆಯನ್ನು ನಾವು ಈಗ ಹೊಸದಾಗಿ ಕಂಡುಹಿಡಿದದ್ದೂ ಅಲ್ಲ. 1948ರ ನವೆಂಬರಿನಲ್ಲಿ ಕರಡು ಚರ್ಚೆಗೆ ಬಂದಾಗಲೇ ಮೌಲಾನಾ ಹಸರತ್ ಮೋಹಾನಿ ಎದ್ದು ನಿಂತು, ಹೊಸದಾಗಿ ಚುನಾವಣೆ ನಡೆದು ಅರ್ಹವಾದ ಬೇರೊಂದು ಸಭೆ ಬರುವವರೆಗೆ ಈ ಚರ್ಚೆಯನ್ನು ಮುಂದೂಡಬೇಕೆಂದು ಒತ್ತಾಯಿಸಿದರು. ಸೇಠ್ ದಾಮೋದರ ಸ್ವರೂಪ್ ಎಂಬ ಇನ್ನೊಬ್ಬ ಸದಸ್ಯರೂ ವಯಸ್ಕರೆಲ್ಲರ ಮತದಿಂದ ಆರಿಸಿಬಂದ ಸಭೆ ಬೇಕೆಂದು ಕೇಳಿದರು. ಸಭೆ ಇಬ್ಬರ ಮಾತನ್ನೂ ಒಪ್ಪಲಿಲ್ಲ. ಮೌಲಾನಾರು ಕೊನೆಗೂ ಸಹಿ ಹಾಕದೆಯೇ ಉಳಿದರು. 1921ರಲ್ಲಿಯೇ, ಕಾಂಗ್ರೆಸ್ಸಿನ ಹಿರಿಯರೇ ಹಿಂಜರಿಯುತ್ತಿದ್ದಾಗ, ಪೂರ್ಣ ಸ್ವಾತಂತ್ರ್ಯ ಬೇಕೆಂದು ಅಹಮದಾಬಾದಿನಲ್ಲಿ ನಿರ್ಣಯ ಮಂಡಿಸಿದ ವ್ಯಕ್ತಿ ಅವರು. ಅವರನ್ನು ದೇಶದ್ರೋಹಿ ಎನ್ನಲು ಯಾರಿಂದ ಸಾಧ್ಯ? ಸಹಿ ಹಾಕಿದವರೂ ಹಾಕದವರೂ ಒಂದೇ ಸಭೆಯಲ್ಲಿ ಕುಳಿತು ವಾದಿಸಿದರು ಎಂಬುದನ್ನು ನೆನಪಿಡಿ. ಈ ಮಾತಿಗೆ ಮುಂದೆ ಮತ್ತೆ ಬರೋಣ.

ಎಲ್ಲರನ್ನೂ ಕೇಳಿದ ನಾಡು ಉಂಟೇ?

ಜನರನ್ನು ಕೇಳಿಯೇ ಸಂವಿಧಾನ ಒಪ್ಪಿದ ನಾಡು ಎಂದು ಅಮೆರಿಕಾವನ್ನು ತೋರಿಸುವವರಿದ್ದಾರೆ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸೇರಿದ 55 ಮಂದಿಯಲ್ಲಿ 39 ಮಂದಿ ಸಹಿ ಹಾಕಿದರು. ಬಳಿಕ ಪ್ರತಿಯೊಂದು ರಾಜ್ಯದಲ್ಲೂ ಅದಕ್ಕೆಂದೇ ಆರಿಸಿದ ಸಭೆ ಕೂಡಬೇಕು, 13ರಲ್ಲಿ ಒಂಬತ್ತು ರಾಜ್ಯಗಳಾದರೂ ಒಪ್ಪಬೇಕು ಎಂದು ನಿಯಮವಾಯಿತು. ಕೊನೆಯ ರಾಜ್ಯವಾದ ರೋಡ್ ಐಲೆಂಡ್ 1790ರಲ್ಲಿ 34ಕ್ಕೆ 32 ಮತಗಳಿಂದ, ಅಂದರೆ ಎರಡೇ ಮತಗಳ ಅಂತರದಿಂದ ಒಪ್ಪಿತು. ಕೇಳುವ ಕ್ರಮವೇನೋ ಚೆನ್ನಾಗಿಯೇ ಇತ್ತು.

ಆದರೆ ಅಲ್ಲಿ ಗುಲಾಮರನ್ನು ಕೇಳಿದವರಿಲ್ಲ. ಪ್ರತಿನಿಧಿಗಳ ಸಂಖ್ಯೆ ನಿಗದಿಪಡಿಸುವಾಗ ಗುಲಾಮರನ್ನು ಐದರಲ್ಲಿ ಮೂರು ಪಾಲೆಂದು ಲೆಕ್ಕ ಹಾಕಿದ ದಾಖಲೆ ಅದು. ಹೆಂಗಸರನ್ನೂ ಬಹುತೇಕ ಕೇಳಲಿಲ್ಲ. ಇನ್ನು, ಕೇಳಿದವರ ಮೊಮ್ಮಕ್ಕಳನ್ನು ಯಾರು ಕೇಳಿದರು? ಈ ಪ್ರಶ್ನೆ ಆ ನಾಡಿನ ಹಿರಿಯರಲ್ಲೊಬ್ಬರಾದ ಥಾಮಸ್ ಜೆಫರ್ಸನರನ್ನೇ ಕಾಡಿತು. 1789ರಲ್ಲಿ ತಮ್ಮ ಗೆಳೆಯ ಮ್ಯಾಡಿಸನರಿಗೆ ಬರೆದ ಪತ್ರದಲ್ಲಿ ಅವರು, ಭೂಮಿ ಬದುಕಿರುವವರದ್ದು, ಸತ್ತವರು ಅವರನ್ನು ಕಟ್ಟಿಹಾಕಬಾರದು, ಆದ್ದರಿಂದ ಪ್ರತಿ 19 ವರ್ಷಗಳಿಗೊಮ್ಮೆ ಸಂವಿಧಾನವೂ ಕಾನೂನುಗಳೂ ತಾವಾಗಿ ಮುಗಿದುಹೋಗಬೇಕು ಎಂಬ ವಾದವನ್ನಿಟ್ಟರು. ಮ್ಯಾಡಿಸನ್ ಮರುವರ್ಷ ಉತ್ತರಿಸಿದರು. ಹಿಂದಿನವರು ಸಾಲ ಮಾಡಿದ್ದು ಮುಂದಿನವರ ಒಳಿತಿಗೂ ಆಗಿರಬಹುದಲ್ಲವೇ, ಎಲ್ಲವೂ ಆಗಾಗ ಮುಗಿದುಹೋಗುವುದಾದರೆ ಯಾರ ಹಕ್ಕಿಗೆ ತಾನೇ ಭದ್ರತೆ ಎಂಬುದು ಅವರ ಮಾತಿನ ಸಾರ.

ಹೀಗೆ ನೋಡಿದರೆ ಎಲ್ಲರನ್ನೂ ಕೇಳಿ ಕಟ್ಟಿದ ನಾಡು ಭೂಮಿಯ ಮೇಲಿಲ್ಲ. ಎಲ್ಲರನ್ನೂ ಕೇಳಿದರೂ ನಾಳೆ ಹುಟ್ಟುವ ಮಗುವನ್ನು ಕೇಳಲಾಗದು. ಆದ್ದರಿಂದ ಒಂದು ನಾಡಿನ ಮೂಲ ಕರಾರು ನಮ್ಮನ್ನು ಬಂಧಿಸುವುದಾದರೆ ಅದಕ್ಕೆ ಸಹಿಯಲ್ಲದ ಬೇರೆ ಆಧಾರ ಇರಲೇಬೇಕು. ಅದು ಯಾವುದು?

ಒಂದು ಜಮಾಅತಿನ ಕಥೆ

ನನಗೆ ಗೊತ್ತಿರುವ ಒಂದು ಮಸೀದಿಯ ಜಮಾಅತಿನಲ್ಲಿ ನಡೆದ ಪ್ರಸಂಗವನ್ನು ಹೇಳುತ್ತೇನೆ. ಊರಿನ ಹೆಸರು ಬೇಡ, ಇಂಥದ್ದು ನಿಮ್ಮ ಊರಿನಲ್ಲೂ ನಡೆದಿರಬಹುದು. ಗಲ್ಫಿನಿಂದ ಮರಳಿದ್ದ ಒಬ್ಬ ಯುವಕ ಮಾಸಿಕ ವಂತಿಗೆ ಕೊಡಲು ನಿರಾಕರಿಸಿದ. "ನಿಮ್ಮ ಬೈಲಾಕ್ಕೆ ನಾನು ಸಹಿ ಹಾಕಿಲ್ಲ. ಅದನ್ನು ಬರೆದಾಗ ನಾನು ಹುಟ್ಟಿಯೇ ಇರಲಿಲ್ಲ" ಎಂದ. ಕಮಿಟಿಯ ಹಿರಿಯರೊಬ್ಬರು ಕೋಪಿಸಿಕೊಳ್ಳದೆ ಕೇಳಿದರು: "ಮಗನೇ, ಹೋದ ವರ್ಷ ನಿನ್ನ ಬಾಪನನ್ನು ದಫನ್ ಮಾಡಿದ ಜಾಗವನ್ನು ಖರೀದಿಸಿದ್ದು ನೀನಾ?"

ಯುವಕ ಮೌನವಾದ. ಅಲ್ಲಿಗೆ ವಿಷಯ ಮುಗಿಯಿತೆಂದು ಎಲ್ಲರೂ ಎಣಿಸಿದರು. ಆದರೆ ಅವನು ಸ್ವಲ್ಪ ಹೊತ್ತಿನ ಬಳಿಕ ತಲೆಯೆತ್ತಿ ಹೇಳಿದ: "ಸರಿ ಕಾಕಾ, ನಾನು ಬದ್ಧನೇ ಎಂದಿಟ್ಟುಕೊಳ್ಳಿ. ಆ ಬೈಲಾ ಒಮ್ಮೆ ತೋರಿಸಿ. ಅದರಲ್ಲಿ ಏನು ಬರೆದಿದೆ ಎಂದು ಓದಬೇಕು."

ಬೈಲಾ ಕಪಾಟಿನಲ್ಲಿತ್ತು. ಕಪಾಟಿನ ಬೀಗದ ಕೈ ಹುಡುಕಲು ಎರಡು ದಿನ ಹಿಡಿಯಿತು. ಒಂದು ಜುಮುಅದ ಬಳಿಕ ಅದನ್ನು ಗಟ್ಟಿಯಾಗಿ ಓದಿದಾಗ, ವಂತಿಗೆ ಪ್ರತಿಯೊಬ್ಬ ಸದಸ್ಯನ ಕರ್ತವ್ಯ ಎಂದು ಬರೆದಿದ್ದ ಪುಟದಲ್ಲಿಯೇ, ಪ್ರತಿವರ್ಷ ಮಹಾಸಭೆ ಕರೆದು ಲೆಕ್ಕಪತ್ರ ಒಪ್ಪಿಸತಕ್ಕದ್ದು ಎಂದೂ ಬರೆದಿತ್ತು. ಮಹಾಸಭೆ ನಡೆಯದೆ ಎಷ್ಟೋ ವರ್ಷಗಳಾಗಿದ್ದವು. ಯುವಕ ಬಾಕಿ ಹಣ ತಂದು ಮೇಜಿನ ಮೇಲಿಟ್ಟ. ಕಮಿಟಿಯವರು ಮಹಾಸಭೆಯ ದಿನಾಂಕ ಗೊತ್ತುಪಡಿಸಬೇಕಾಯಿತು.

ಓದುಗರೇ, ನಮ್ಮ ಪ್ರಶ್ನೆಗೆ ಬೇಕಾದ ಉತ್ತರದ ತುಂಡುಗಳೆಲ್ಲ ಈ ಪ್ರಸಂಗದಲ್ಲಿವೆ. ಒಂದೊಂದನ್ನೇ ಎತ್ತಿ ನೋಡೋಣ.

ಮೊದಲನೆಯದು, ಆ ಹಿರಿಯರ ಪ್ರಶ್ನೆ. ಪಡೆದವನಿಗೆ ಋಣವಿದೆ. ನಮ್ಮ ವಾರಸಿನ ನಿಯಮವನ್ನೇ ನೋಡಿ. ತೀರಿಕೊಂಡವರ ಆಸ್ತಿಯಿಂದ ಮೊದಲು ಕಫನ್‌ದಫನಿನ ಖರ್ಚು, ಬಳಿಕ ಸಾಲ, ಆಮೇಲೆ ವಸೀಯತ್ತು, ಕೊನೆಗೆ ವಾರಸುದಾರರ ಪಾಲು. ಸಾಲ ತೀರಿಸದೆ ಪಾಲು ಹಂಚುವಂತಿಲ್ಲ. ಮಗ ಆ ಸಾಲಪತ್ರಕ್ಕೆ ಸಹಿ ಹಾಕಿರಲಿಲ್ಲ, ನಿಜ. ಆದರೆ ಆಸ್ತಿ ಬೇಕು, ಅದರ ಮೇಲಿನ ಸಾಲ ಬೇಡ ಎನ್ನಲು ಅವನಿಗೆ ಹಕ್ಕಿಲ್ಲ. ನಮ್ಮ ಮಕ್ಕಳು ಕಲಿಯುವ ಶಾಲೆ, ನಮ್ಮ ಮಸೀದಿ ಮದ್ರಸಗಳನ್ನು ನಾವೇ ನಡೆಸುವ ಹಕ್ಕು, ಅನ್ಯಾಯವಾದಾಗ ನೇರವಾಗಿ ಸುಪ್ರೀಮ್ ಕೋರ್ಟಿನ ಬಾಗಿಲು ತಟ್ಟಲು 32ನೆಯ ವಿಧಿ ಕೊಟ್ಟ ಅಧಿಕಾರ, ಇವೆಲ್ಲ ಹಿರಿಯರಿಂದ ಬಂದ ಆಸ್ತಿ. ಇವುಗಳನ್ನು ಅನುಭವಿಸುತ್ತಾ ಕರಾರು ನನ್ನದಲ್ಲ ಎನ್ನುವುದು ಪ್ರಾಮಾಣಿಕತೆಯಾಗದು.

ಇಲ್ಲಿ ಒಂದು ಆಕ್ಷೇಪವಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ವಾರಸುದಾರನಿಗೆ ಬೇಡವಾದರೆ ಪಾಲು ಬಿಟ್ಟುಕೊಡಬಹುದು. ಆದರೆ ಒಂದು ನಾಡಿನಲ್ಲಿ ಹುಟ್ಟಿದ ಬಡವನಿಗೆ ಬೇರೆಲ್ಲಿಗೆ ಹೋಗಲು ದಾರಿಯಿದೆ? ಬೇಡವೆನ್ನಲು ದಾರಿಯಿಲ್ಲದವನು ಪಡೆದದ್ದನ್ನೇ ಅವನ ಒಪ್ಪಿಗೆ ಎನ್ನಬಹುದೇ? ಜೀತದ ಮನೆಯಲ್ಲಿ ಹುಟ್ಟಿದವನಿಗೂ ಒಡೆಯ ಗಂಜಿ ಹಾಕುತ್ತಾನೆ. ಆ ಗಂಜಿಯ ಋಣದಿಂದ ಜೀತ ನ್ಯಾಯವಾಗುವುದಿಲ್ಲ. ಆದ್ದರಿಂದ ಉಪಕಾರ ಪಡೆದದ್ದೊಂದೇ ಸಾಕಾಗದು. ಕರಾರು ಯಾವುದಕ್ಕಾಗಿ ಎಂಬುದನ್ನೂ ನೋಡಲೇಬೇಕು.

ಯಾವುದಕ್ಕಾಗಿ ಮಾಡಿದ ಕರಾರು?

ಪ್ರವಾದಿ ಮುಹಮ್ಮದ್(ಸ)ರ ಯೌವನದ ಒಂದು ಘಟನೆ ನಮಗೆಲ್ಲ ಗೊತ್ತಿದೆ. ಮಕ್ಕಾಕ್ಕೆ ಸರಕು ತಂದ ಹೊರಗಿನವನೊಬ್ಬನಿಗೆ ಊರಿನ ಪ್ರಬಲನೊಬ್ಬ ಹಣ ಕೊಡದೆ ವಂಚಿಸಿದ. ಆಗ ಕೆಲವು ಮನೆತನದವರು ಅಬ್ದುಲ್ಲಾ ಬಿನ್ ಜುದ್‌ಆನರ ಮನೆಯಲ್ಲಿ ಸೇರಿ, ಅನ್ಯಾಯಕ್ಕೊಳಗಾದವನು ಯಾರೇ ಆಗಲಿ ಅವನ ಹಕ್ಕು ಅವನಿಗೆ ಸಿಗುವವರೆಗೆ ಅವನ ಜೊತೆ ನಿಲ್ಲುವೆವೆಂದು ಪ್ರತಿಜ್ಞೆ ಮಾಡಿದರು. ಅದಕ್ಕೆ ಹಿಲ್ಫುಲ್ ಫುಝೂಲ್ ಎಂದು ಹೆಸರು. ಪ್ರವಾದಿತ್ವ ಲಭಿಸುವುದಕ್ಕೆ ಮುಂಚಿನ ಮಾತಿದು. ಆ ಮನೆಯಲ್ಲಿ ಸೇರಿದ್ದವರು ಇಸ್ಲಾಮ್ ಸ್ವೀಕರಿಸಿದವರಾಗಿರಲಿಲ್ಲ. ಹಾಗಿದ್ದರೂ ಪ್ರವಾದಿವರ್ಯರು(ಸ) ಅನೇಕ ವರ್ಷಗಳ ಬಳಿಕ ಅದನ್ನು ಮೆಚ್ಚಿ ನೆನೆದರು, ಈಗಲೂ ಅದರ ಹೆಸರಿನಲ್ಲಿ ಕರೆದರೆ ಓಗೊಡುವೆನೆಂದರು. ಏಕೆ? ಕರಾರಿನಲ್ಲಿ ಜೊತೆಗಿದ್ದವರು ಯಾರೆಂಬುದಕ್ಕಿಂತ ಕರಾರು ಯಾವುದಕ್ಕಾಗಿ ಎಂಬುದು ಅಲ್ಲಿ ಮುಖ್ಯವಾಗಿತ್ತು. ಬಲಹೀನನಿಗೆ ನ್ಯಾಯ ದೊರಕಿಸುವ ಕರಾರು, ನ್ಯಾಯಪ್ರೇಮಿಯಾದ ಯಾವ ಮನುಷ್ಯನ ಮೇಲೂ ಹಕ್ಕು ಸಾಧಿಸುತ್ತದೆ.

ನಮ್ಮ ಸಂವಿಧಾನದ ಪೀಠಿಕೆ ನಾಲ್ಕು ವಿಷಯಗಳ ಹೆಸರು ಹೇಳುತ್ತದೆ: ನ್ಯಾಯ, ಸ್ವಾತಂತ್ರ್ಯ, ಸಮಾನತೆ, ಸೋದರಭಾವ. ಸಂವಿಧಾನ ಮನುಷ್ಯರು ಬರೆದದ್ದು, ಅದು ಅಲ್ಲಾಹನ ಗ್ರಂಥವಲ್ಲ. ಅದರಲ್ಲಿ ಕುಂದುಕೊರತೆಗಳಿವೆ, ಇರದೆ ಸಾಧ್ಯವಿಲ್ಲ. ಆದರೆ ಈ ನಾಲ್ಕರಲ್ಲಿ ಯಾವುದನ್ನು ಒಬ್ಬ ಸತ್ಯವಿಶ್ವಾಸಿ ಬೇಡವೆನ್ನಬಲ್ಲನು?

ಎರಡನೆಯದು, ಬಾಗಿಲು ತೆರೆದಿದೆಯೇ ಎಂಬ ಪ್ರಶ್ನೆ. ಬೈಲಾ ತೋರಿಸಿ ಎಂದ ಯುವಕನನ್ನು ಕಮಿಟಿ ಹೊರಗಟ್ಟಿದ್ದರೆ ಅವನ ಬದ್ಧತೆಯ ಬೇರು ಅಲ್ಲಿಗೇ ಕಡಿದುಹೋಗುತ್ತಿತ್ತು. ತಾನು ಬರೆಯದ ನಿಯಮವನ್ನು ಒಬ್ಬನು ಪಾಲಿಸಬೇಕಾದರೆ ಅದನ್ನು ಪ್ರಶ್ನಿಸುವ, ತಿದ್ದಲು ಕೇಳುವ ಹಕ್ಕು ಅವನಿಗಿರಬೇಕು. ನಮ್ಮ ಸಂವಿಧಾನದ 368ನೆಯ ವಿಧಿ ತಿದ್ದುಪಡಿಗೆ ದಾರಿ ಇಟ್ಟಿದೆ. ಇದುವರೆಗೆ ನೂರಕ್ಕೂ ಹೆಚ್ಚು ಬಾರಿ ಅದು ತಿದ್ದುಪಡಿಯಾಗಿದೆ. ಹಾಗೆಂದು ಬಹುಮತ ಇದ್ದವರು ಎಲ್ಲವನ್ನೂ ಕೆಡವಬಹುದೇ? ಈ ಪ್ರಶ್ನೆಗೆ ಉತ್ತರ ಹೊರಟದ್ದು ನಮ್ಮ ನೆರೆಯ ಕಾಸರಗೋಡಿನ ಎಡನೀರು ಮಠದಿಂದ. ಆ ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರು ಭೂಸುಧಾರಣೆಯ ವಿಷಯದಲ್ಲಿ ಹೂಡಿದ ದಾವೆಯಲ್ಲಿ 13 ಮಂದಿ ನ್ಯಾಯಾಧೀಶರ ಪೀಠ 1973ರ ಏಪ್ರಿಲ್ 24ರಂದು ತೀರ್ಪು ನೀಡಿತು. ಏಳು ಮಂದಿ ಒಂದು ಕಡೆ, ಆರು ಮಂದಿ ಇನ್ನೊಂದು ಕಡೆ. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ರಚನೆಯನ್ನು ನಾಶ ಮಾಡುವಂತಿಲ್ಲ ಎಂದಾಯಿತು. ಮನೆಯ ಗೋಡೆ ಬದಲಿಸಬಹುದು, ಕಿಟಕಿ ದೊಡ್ಡದು ಮಾಡಬಹುದು, ಅಡಿಪಾಯ ಅಗೆಯುವಂತಿಲ್ಲ. ಒಬ್ಬ ಸ್ವಾಮೀಜಿಯ ದಾವೆಯಿಂದ ಬಂದ ಆ ತೀರ್ಪಿನ ನೆರಳಿನಲ್ಲಿ ಇಂದು ಎಲ್ಲ ಧರ್ಮದವರ ಹಕ್ಕುಗಳೂ ನಿಂತಿವೆ.

ಎರಡು ಕೈಗಳ ಮಾತು

ಮೂರನೆಯದು, ಕರಾರಿಗೆ ಎರಡು ಕೈಗಳಿವೆ. ವಂತಿಗೆಯ ನಿಯಮ ಇದ್ದ ಪುಟದಲ್ಲಿಯೇ ಲೆಕ್ಕಪತ್ರದ ನಿಯಮವೂ ಇತ್ತಲ್ಲವೇ? ನಮ್ಮ ಸಂವಿಧಾನದ ಇತಿಹಾಸದಲ್ಲಿಯೂ ಅಂಥದೊಂದು ಪುಟ ಇದೆ. ಅದನ್ನು ನಮ್ಮವರೂ ಮರೆತಿದ್ದಾರೆ, ಇತರರೂ ಮರೆತಿದ್ದಾರೆ.

1947ರ ಆಗಸ್ಟಿನಲ್ಲಿ ಧಾರ್ಮಿಕ ಅಲ್ಪಸಂಖ್ಯಾತರಿಗೆ ಶಾಸನಸಭೆಗಳಲ್ಲಿ ಮೀಸಲು ಸ್ಥಾನಗಳನ್ನು ಕೊಡುವುದೆಂದು ತೀರ್ಮಾನವಾಗಿತ್ತು. 1949ರ ಮೇ ತಿಂಗಳಲ್ಲಿ ಆ ಏರ್ಪಾಡನ್ನು ಕೈಬಿಡುವ ಪ್ರಸ್ತಾಪ ಸಭೆಯ ಮುಂದೆ ಬಂತು. ನಮ್ಮ ಕರಾವಳಿ ಸೇರಿದ್ದ ಮದ್ರಾಸ್ ಪ್ರಾಂತದ ಮುಹಮ್ಮದ್ ಇಸ್ಮಾಯಿಲ್ ಸಾಹೇಬರು ಅದನ್ನು ವಿರೋಧಿಸಿದರು. ಸಭೆಯಲ್ಲಿದ್ದ ಒಬ್ಬರೇ ಮುಸ್ಲಿಮ್ ಮಹಿಳೆ ಬೇಗಮ್ ಐಝಾಝ್ ರಸೂಲ್ ಮೀಸಲು ಬೇಡವೆಂದರು. ಅದು ನಮ್ಮನ್ನು ಬಹುಸಂಖ್ಯಾತರಿಂದ ಎಂದೆಂದಿಗೂ ಬೇರೆಯಾಗಿಸುವ, ನಮ್ಮನ್ನೇ ಕೊಲ್ಲುವ ಆಯುಧವೆಂಬುದು ಅವರ ನಿಲುವು. ಇಬ್ಬರೂ ಸಮುದಾಯದ ಹಿತವನ್ನೇ ಬಯಸಿದ್ದರು. ಕೊನೆಗೆ ಮೀಸಲು ಹೋಯಿತು. ಉಳಿದದ್ದು 25ರಿಂದ 30ರವರೆಗಿನ ವಿಧಿಗಳು: ನಂಬಿಕೆಯ, ಆಚರಣೆಯ, ಪ್ರಚಾರದ ಸ್ವಾತಂತ್ರ್ಯ, ಧಾರ್ಮಿಕ ಸಂಸ್ಥೆಗಳನ್ನು ನಡೆಸುವ ಹಕ್ಕು, ಭಾಷೆ ಲಿಪಿಗಳ ರಕ್ಷಣೆ, ನಮ್ಮದೇ ಶಾಲೆಗಳನ್ನು ಕಟ್ಟುವ ಹಕ್ಕು. ಇವುಗಳ ಹಿಂದೆ ಬರೆಯದ ಇನ್ನೊಂದು ಮಾತೂ ಇತ್ತು. ನೀವು ಲೆಕ್ಕದ ಭದ್ರತೆಯನ್ನು ಬಿಟ್ಟು ನಮ್ಮ ಸದ್ಭಾವನೆಯನ್ನು ನಂಬಿ, ನಾವು ಆ ನಂಬಿಕೆಯನ್ನು ಉಳಿಸುತ್ತೇವೆ ಎಂಬ ಮಾತು.

ಆ ನಂಬಿಕೆ ಇಂದಿಗೂ ತೀರದ ಸಾಲ. ಅದು ಬಹುಸಂಖ್ಯಾತರ ಮೇಲಿದೆ. ಒಬ್ಬ ಮುಸಲ್ಮಾನನಿಗೆ ಬಾಡಿಗೆಮನೆ ಸಿಗದಾಗ, ಅವನ ಹೆಸರು ಕೇಳಿದೊಡನೆ ಕೆಲಸ ಇಲ್ಲವೆಂದಾದಾಗ, ಅವನ ದೇಶಪ್ರೇಮಕ್ಕೆ ಪುರಾವೆ ಕೇಳಿದಾಗ, ಆ ಸಾಲ ಬೆಳೆಯುತ್ತದೆ. ಇದನ್ನು ಹೇಳಲು ನಾವು ಹಿಂಜರಿಯಬೇಕಾಗಿಲ್ಲ. ಆದರೆ ಹೇಗೆ ಹೇಳಬೇಕು? ಕರಾರು ಮುರಿಯಿತು, ಇನ್ನು ನಮಗೂ ಅದಕ್ಕೂ ಸಂಬಂಧವಿಲ್ಲ ಎಂದೋ? ಅಥವಾ ಇದು ನಮ್ಮೆಲ್ಲರ ಕರಾರು, ಇದನ್ನು ನೀವು ಮುರಿಯುತ್ತಿದ್ದೀರಿ ಎಂದೋ? ಮೊದಲ ಮಾತು ಹೇಳಿದವನು ತನ್ನ ಕೈಯಲ್ಲಿದ್ದ ದಸ್ತಾವೇಜನ್ನು ತಾನೇ ಹರಿದಂತೆ. ಎರಡನೆಯ ಮಾತು ಹೇಳಿದವನು ಆ ದಸ್ತಾವೇಜನ್ನು ಎತ್ತಿ ಹಿಡಿದು ತನ್ನ ಹಕ್ಕನ್ನು ಕೇಳಿದಂತೆ. ಆ ಜಮಾಅತಿನ ಯುವಕ ಎರಡನೆಯ ದಾರಿ ಹಿಡಿದದ್ದರಿಂದಲೇ ಗೆದ್ದ. ಅವನು ಮೊದಲು ಬಾಕಿ ತೀರಿಸಿದ, ಬಳಿಕ ಲೆಕ್ಕ ಕೇಳಿದ.

ನಾನೂ ನನ್ನ ಬಾಕಿ ತೀರಿಸಿದ್ದೇನೆಯೇ?

ಇಲ್ಲಿ ಪ್ರಶ್ನೆ ನಮ್ಮ ಕಡೆಗೆ ತಿರುಗುತ್ತದೆ. ಇತರರಿಂದ ಸಮಾನತೆ ಕೇಳುವ ನಾವು ನಮ್ಮ ಮನೆಯಲ್ಲಿ ಮಗನಿಗೆ ಕಾಲೇಜು, ಮಗಳಿಗೆ ಹತ್ತನೆಯ ತರಗತಿ ಸಾಕು ಎನ್ನುತ್ತೇವೆಯೇ? ಶರೀಅತ್ತು ಸ್ಪಷ್ಟವಾಗಿ ಗೊತ್ತುಪಡಿಸಿದ ಸೋದರಿಯ ಪಾಲನ್ನು ಸಿಹಿಮಾತಿನಿಂದ ಬರೆಸಿಕೊಳ್ಳುತ್ತೇವೆಯೇ? ಮೀನು ಮಾರುವವನೊಂದಿಗೆ, ಕ್ಷೌರ ಮಾಡುವವನೊಂದಿಗೆ ಒಂದೇ ಸಫ್‌ನಲ್ಲಿ ನಿಂತು ನಮಾಝ್ ಮಾಡಿ, ಅವನ ಮನೆಯ ಸಂಬಂಧ ಬಂದಾಗ ಮುಖ ತಿರುಗಿಸುತ್ತೇವೆಯೇ? ತೆರಿಗೆ ತಪ್ಪಿಸುವುದನ್ನು ಜಾಣತನವೆಂದು, ಸರಕಾರಿ ಆಸ್ತಿಯನ್ನು ಯಾರದೂ ಅಲ್ಲವೆಂದು ತಿಳಿಯುತ್ತೇವೆಯೇ? 1949ರ ನವೆಂಬರ್ 25ರಂದು ಡಾ. ಅಂಬೇಡ್ಕರರು ಸಭೆಯನ್ನು ಎಚ್ಚರಿಸಿದ್ದು ಇದನ್ನೇ. ಸಂವಿಧಾನ ಎಷ್ಟೇ ಒಳ್ಳೆಯದಿದ್ದರೂ ನಡೆಸುವವರು ಕೆಟ್ಟವರಾದರೆ ಅದು ಕೆಟ್ಟದ್ದೇ ಆಗುತ್ತದೆ, ರಾಜಕೀಯದಲ್ಲಿ ಸಮಾನತೆ ತಂದು ಬದುಕಿನಲ್ಲಿ ಅಸಮಾನತೆ ಉಳಿಸಿಕೊಂಡರೆ ಕಟ್ಟಿದ ಕಟ್ಟಡವೇ ಸಿಡಿದುಹೋದೀತು ಎಂಬುದು ಅವರ ಆತಂಕವಾಗಿತ್ತು. ಆ ಮಾತು ದೆಹಲಿಯವರಿಗೆ ಮಾತ್ರ ಅನ್ವಯಿಸುವುದಿಲ್ಲ. ನಮ್ಮ ಅಡುಗೆಮನೆಗೂ ನಮ್ಮ ಮಸೀದಿಯ ಕಮಿಟಿಗೂ ಅನ್ವಯಿಸುತ್ತದೆ.

ಆ ಹುಡುಗಿಗೆ ನಾನು ಕೊಟ್ಟ ಉತ್ತರ

ಒಂದು ವಾರದ ಬಳಿಕ ಆ ಹುಡುಗಿಯನ್ನು ಕರೆದು ಹೇಳಿದೆ: "ಮಗಳೇ, ಸಂವಿಧಾನ ಬರೆಯುವಾಗ ನಿನ್ನ ಅಜ್ಜನನ್ನು ಕೇಳಿರಲಿಕ್ಕಿಲ್ಲ. ನನ್ನ ಅಜ್ಜನನ್ನಂತೂ ಕೇಳಿಲ್ಲ. ಆದರೆ ಅದನ್ನು ಬರೆದವರು ಒಂದು ಕೆಲಸ ಮಾಡಿದರು. ತಮ್ಮನ್ನು ಆರಿಸಿದ ಕಿರಿದಾದ ಬಾಗಿಲನ್ನು ಮುಂದಿನವರಿಗಾಗಿ ಒಡೆದು ಅಗಲ ಮಾಡಿದರು. ಆಸ್ತಿ ಬೇಡ, ಓದು ಬೇಡ, ಪ್ರಾಯಕ್ಕೆ ಬಂದರೆ ಸಾಕು, ಗಂಡಸಿಗೂ ಹೆಂಗಸಿಗೂ ಓಟು ಎಂದು ಬರೆದರು."

1951ರ ಅಕ್ಟೋಬರಿನಿಂದ 1952ರ ಫೆಬ್ರವರಿಯವರೆಗೆ ಮೊದಲ ಮಹಾಚುನಾವಣೆ ನಡೆಯಿತು. ಮತದಾರರ ಪಟ್ಟಿಯಲ್ಲಿ 17 ಕೋಟಿಗೂ ಹೆಚ್ಚು ಜನರಿದ್ದರು. ಓದಲು ಬಾರದವರಿಗಾಗಿ ಚಿಹ್ನೆಗಳಿದ್ದವು. ಉತ್ತರದ ಪ್ರಾಂತಗಳಲ್ಲಿ ಅನೇಕ ಹೆಂಗಸರು ಅಪರಿಚಿತರಿಗೆ ಹೆಸರು ಹೇಳಲು ನಾಚಿ, ಇಂಥವರ ಹೆಂಡತಿ, ಇಂಥವರ ತಾಯಿ ಎಂದು ಬರೆಸಿದ್ದರು. ಸ್ವಂತ ಹೆಸರಿಲ್ಲದೆ ಓಟಿಲ್ಲ ಎಂದು ಚುನಾವಣಾ ಆಯೋಗ ಹಟ ಹಿಡಿಯಿತು. ಸುಮಾರು 28 ಲಕ್ಷ ಹೆಂಗಸರ ಹೆಸರು ಪಟ್ಟಿಯಿಂದ ಬಿಟ್ಟುಹೋಯಿತು. ಕಠಿಣವೇ ಸರಿ. ಆದರೆ ಅದರ ಅರ್ಥ ನೋಡಿ: ಈ 'ನಾವು' ಎಂಬುದರಲ್ಲಿ ಯಾರೂ ಇನ್ನೊಬ್ಬರ ಬಾಲವಾಗಿ ಬರುವಂತಿಲ್ಲ, ಪ್ರತಿಯೊಬ್ಬರೂ ತಮ್ಮ ಹೆಸರಿನಿಂದಲೇ ಬರಬೇಕು.

"ನಿನ್ನ ಅಜ್ಜ ಆ ಸಾಲಿನಲ್ಲಿ ನಿಂತ ದಿನ ಜಮೀನ್ದಾರನ ಓಟಿಗೂ ಅವರ ಓಟಿಗೂ ಒಂದೇ ಬೆಲೆಯಾಯಿತು. ಅವರ ಸಹಿ ಬಿದ್ದದ್ದು ಅಂದು" ಎಂದೆ. ಅವಳು ಸ್ವಲ್ಪ ಯೋಚಿಸಿ, "ಹಾಗಾದರೆ ನನ್ನ ಸಹಿ ಇನ್ನೂ ಬಾಕಿ ಉಂಟು ಸರ್" ಎಂದಳು.

ಅವಳ ಮಾತು ಸರಿ. ಒಂದು ನಾಡಿನ ಮೂಲ ಕರಾರಿಗೆ ಪ್ರತಿಯೊಂದು ತಲೆಮಾರೂ ತನ್ನ ನಡತೆಯಿಂದ ಸಹಿ ಹಾಕುತ್ತದೆ, ಅಥವಾ ಹಾಕದೆ ಬಿಡುತ್ತದೆ. ಸಹಿ ಹಾಕದ ಮೌಲಾನಾ ಹಸರತ್ ಮೋಹಾನಿಯವರು ಕೂಡ ಎದ್ದು ನಿಂತು ಸತ್ಯ ನುಡಿದು ಆ ಸಭೆಯ ಗೌರವವನ್ನು ಹೆಚ್ಚಿಸಿದರು. ಒಪ್ಪುವುದೆಂದರೆ ಬಾಯಿ ಮುಚ್ಚುವುದಲ್ಲ. ಓದಿ, ಕೇಳಿ, ಬೇಕಾದಲ್ಲಿ ತಿದ್ದಲು ಹೋರಾಡಿ, ತನ್ನ ಪಾಲಿನ ಬಾಕಿ ತೀರಿಸಿ, ಇತರರ ಬಾಕಿಯನ್ನು ಧೈರ್ಯದಿಂದ ಕೇಳುವುದೇ ಒಪ್ಪಿಗೆ.

ನಿಮ್ಮ ಮನೆಯಲ್ಲಿ ಸಂವಿಧಾನದ ಕನ್ನಡ ಪ್ರತಿ ಇದೆಯೇ ಓದುಗರೇ? ಇಲ್ಲದಿದ್ದರೆ ಒಂದನ್ನು ತನ್ನಿ. ಮಗ್ರಿಬಿನ ಬಳಿಕ ಮಕ್ಕಳನ್ನು ಕುಳ್ಳಿರಿಸಿ 14ನೆಯ ವಿಧಿಯಿಂದ 32ನೆಯ ವಿಧಿಯವರೆಗೆ ಓದಿಸಿ. ಕಪಾಟಿನಲ್ಲಿ ಬೀಗ ಹಾಕಿಟ್ಟ ಕರಾರು ಯಾರನ್ನೂ ಕಾಯುವುದಿಲ್ಲ.

ಕೊಟ್ಟ ಮಾತನ್ನು ಪಾಲಿಸುವವರ, ಪಾಲಿಸುವಂತೆ ನ್ಯಾಯದಿಂದ ಕೇಳುವವರ ಸಾಲಿನಲ್ಲಿ ಅಲ್ಲಾಹನು ನಮ್ಮೆಲ್ಲರನ್ನೂ ಸೇರಿಸಲಿ. ಆಮೀನ್.